ಕಂಬದ ಹಿಂದೆ ನಿಂತ ದಫೇದಾರರು

ಟ್ರೈಪಾಡಿಗೆ ಮೂರು ಕಾಲು ಇರುವುದರಿಂದಲೇ ನನ್ನ ಮನೆಯ ಒಲೆ ಉರಿಯುತ್ತಿದೆ. ಹಂಪಿಯ ಗುಡಿಗಳಲ್ಲಿ ಕ್ಯಾಮೆರಾ ಕೈಯಲ್ಲಿ ಹಿಡಿದು ಓಡಾಡಿದರೆ ಯಾರೂ ಏನೂ ಕೇಳುವುದಿಲ್ಲ. ಅದನ್ನೇ ಮೂರು ಕಾಲಿನ ಮೇಲೆ ನಿಲ್ಲಿಸಿದಿರೋ, ಪರವಾನಿಗೆ ಬೇಕು. ಆ ಪರವಾನಿಗೆ ಯಾವ ಮೇಜಿನ ಮುಂದೆ, ಯಾವ ಸಾಹೇಬರು ಊಟ ಮುಗಿಸಿ ಬಂದ ಮೇಲೆ ಸಿಗುತ್ತದೆ ಎಂದು ತಿಳಿದಿರುವುದೇ ನನ್ನ ವಿದ್ಯೆ. ಹೊರಗಿನಿಂದ ಚಿತ್ರೀಕರಣಕ್ಕೆ ಬರುವವರ ಜೊತೆ ನಿಂತು ಅವರ ಪರವಾಗಿ ಕೇಳುತ್ತೇನೆ. ಅವರ ಮಾತನ್ನು ನಮ್ಮವರಿಗೆ, ನಮ್ಮವರ ಮಾತನ್ನು ಅವರಿಗೆ ದಾಟಿಸುತ್ತೇನೆ. ಕಮಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ನನಗೆ ‘ಪರ್ಮಿಷನ್ ಮಾಮಾ’ ಎಂದು ಹೆಸರಿದೆ. ಕೆಮ್ಮುವುದಕ್ಕೂ ಅರ್ಜಿ ಹಾಕುವ ಗಂಡ ಎಂದು ಹೆಂಡತಿ ಹೇಳುತ್ತಾಳೆ. ಅದು ಅತಿಯಾಯಿತು. ಕೆಮ್ಮುವ ಮುಂಚೆ ಸುತ್ತ ಒಮ್ಮೆ ನೋಡುತ್ತೇನೆ, ಅಷ್ಟೇ.

ಆ ಮಳೆಗಾಲದಲ್ಲಿ ಬಂದವರು ಇಬ್ಬರು. ನಿರ್ದೇಶಕಿ, ನಮ್ಮ ಬಾಯಲ್ಲಿ ಮೇಡಂ, ಯುರೋಪಿನ ಉತ್ತರ ತುದಿಯ ಒಂದು ಚಳಿ ದೇಶದವರು. ಕ್ಯಾಮೆರಾದವನು ಸಿಂಗಪುರದವನು, ಮಾತು ಕಡಿಮೆ. ಅವರ ಚಿತ್ರದ ವಸ್ತು ಕೇಳಿಯೇ ನಾನು ಸುತ್ತ ಒಮ್ಮೆ ನೋಡಿದೆ: ಸರಕಾರ ಮನುಷ್ಯನನ್ನು ಎಲ್ಲಿಯವರೆಗೆ ತಡೆಯಬಹುದು? ಹಲವು ದೇಶಗಳಲ್ಲಿ ಸಾಮಾನ್ಯ ಜನರಿಗೆ ಇದೊಂದೇ ಪ್ರಶ್ನೆ ಕೇಳುತ್ತಾ ಬಂದಿದ್ದರಂತೆ. ಹಂಪಿಯ ಬಾಳೆಹಣ್ಣಿನ ಬಗ್ಗೆ ಒಂದು ಚಿತ್ರ ಮಾಡಿದರೆ ಹೇಗೆ, ತುಂಬಾ ರುಚಿ ಎಂದು ಸೂಚಿಸಿ ನೋಡಿದೆ. ಮೇಡಂ ನಕ್ಕರು. ನಾನು ತಮಾಷೆ ಮಾಡಿರಲಿಲ್ಲ.

ಮೊದಲು ಸಂಡೂರಿಗೆ ಹೋದೆವು. ರಸ್ತೆ ಬದಿಯ ಚಹಾದಂಗಡಿಯ ಮುಂದೆ ಮೈಯೆಲ್ಲ ಕೆಂಪು ಧೂಳಾದ ಅದಿರು ಲಾರಿಯ ಡ್ರೈವರ್ ಸಿಕ್ಕ. ಶಾಲೆ ಬಿಡುವ ಹೊತ್ತಿಗೆ ಲಾರಿಗಳನ್ನು ನಿಲ್ಲಿಸುತ್ತಾರೆ, ಅದು ಸರಿಯೋ ಎಂದು ಮೇಡಂ ಕೇಳಿದರು. “ತಡೀಲೇಬೇಕ್ರಿ,” ಅಂದ ಅವನು. “ಮೊದ್ಲು ಆ ಬೈಕ್ ಹುಡುಗ್ರನ್ನ ತಡೀರಿ. ನಮ್ಮನ್ನ್ಯಾಕ ತಡೀತೀರಿ?”

ಕಂಪ್ಲಿಯ ಕಡೆ ಕಾಲುವೆಯ ಕೊನೆಯಲ್ಲಿ ಭತ್ತ ಬೆಳೆಯುವವರೊಬ್ಬರು ಇನ್ನಷ್ಟು ಸಿಟ್ಟಿನಲ್ಲಿದ್ದರು. “ಮ್ಯಾಲಿನವ್ರು ಪೈಪ್ ಹಾಕಿ ನೀರು ಎಳೀತಾರ್ರಿ. ಅಲ್ಲಿ ಪೊಲೀಸ್ರನ್ನ ಕುಂದ್ರಸ್ಬೇಕು, ಹಗಲೂ ರಾತ್ರಿ.”

“ನಿಮ್ಮ ಹೊಲದ ಹತ್ತಿರವೂ ಕೂಡಿಸಬಹುದಾ?” ಮೇಡಂ ಪ್ರಶ್ನೆಯನ್ನು ನಾನು ಆದಷ್ಟು ಮೆತ್ತಗೆ ಮಾಡಿ ದಾಟಿಸಿದೆ.

“ಇಲ್ಲ್ಯಾಕ್ರಿ? ನಾವೇನ್ ಕಳ್ಳ್ರೇನು?”

ಕಮಲಾಪುರದಲ್ಲಿ ಬಾಳೆ ತೋಟದ ಕೆಲಸದಾಕೆಯೊಬ್ಬಳು ಬಿದ್ದ ಗೋಡೆ ತೋರಿಸಿದಳು. “ಕಟ್ಟಾಕ ಹೋದ್ರ ಇದು ಹಳೇ ಕಾಲದ ಜಾಗ, ಕೇಳಿ ಕಟ್ಟು ಅಂತಾರ. ಅಷ್ಟು ಗುಡಿ ಕಟ್ಟಿದ ರಾಜರು ಯಾರನ್ನ ಕೇಳಿದ್ರಪಾ?” ಹಾಗಾದರೆ ಸರಕಾರ ಯಾರನ್ನೂ ತಡೆಯಬಾರದೇ ಎಂದಾಗ ಆಕೆ ದನಿ ತಗ್ಗಿಸಿದಳು. “ಆ ಎದುರಿನ ಮನ್ಯಾಕಿ ನಮ್ಮ ಕಡೆ ಮುಖ ಮಾಡಿ ಕಿಟಕಿ ಇಡಾಕತ್ತಾಳ. ಅದನ್ನ ತಡೀಲಿ.”

ಕಾರಿನಲ್ಲಿ ಮೇಡಂ ತಮ್ಮ ಊರಿನ ಸುದ್ದಿ ಹೇಳಿದರು. ಅಲ್ಲಿ ಯಾರ ಕಾಡಿನಲ್ಲಿ ಯಾರು ಬೇಕಾದರೂ ನಡೆಯಬಹುದು, ಹಣ್ಣು ಕಿತ್ತು ತಿನ್ನಬಹುದು, ಕೆರೆಗೆ ಇಳಿದು ಈಜಬಹುದು, ಕೇಳುವವರಿಲ್ಲ. ಆದರೆ ಸ್ವಂತ ಮನೆಗೆ ಬೇರೆ ಬಣ್ಣ ಬಳಿಯಬೇಕಾದರೆ ಪುರಸಭೆಗೆ ಬರೆಯಬೇಕು. “ಯಾರೂ ನೋಡದಿರುವಾಗ ಬಳಿದರೆ?” ಎಂದು ಕೇಳಿದೆ. ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ನಿಯಮ ಬರೆದಿದ್ದಾರೆ, ಕಾರಣವನ್ನೂ ಬರೆದಿದ್ದಾರೆ, ಮತ್ತೆ ನೋಡುವವರು ಯಾಕೆ ಬೇಕು?

ಕ್ಯಾಮೆರಾದವನು ಹಿಂದಿನ ಸೀಟಿನಿಂದ ಮೊದಲ ಸಲ ಬಾಯಿ ಬಿಟ್ಟ. ತನ್ನ ಊರಿನಲ್ಲಿ ಎಲ್ಲೆಲ್ಲೂ ಯಾರೋ ನೋಡುತ್ತಲೇ ಇರುತ್ತಾರೆ, ಅದಕ್ಕೇ ತನಗೆ ನಿದ್ದೆ ಚೆನ್ನಾಗಿ ಬರುತ್ತದೆ ಎಂದ. ನನಗೆ ಯಾರೋ ನೋಡುತ್ತಿದ್ದಾರೆ ಎನಿಸಿಯೇ ನಿದ್ದೆ ಬರುವುದಿಲ್ಲ. ಇದನ್ನು ನಾನು ಹೇಳಲಿಲ್ಲ. ಕಾರಿನ ಡ್ರೈವರ್ ಕೇಳಿಸಿಕೊಳ್ಳುತ್ತಿದ್ದ.

ಉಳಿದದ್ದು ಕೊನೆಯ ದೃಶ್ಯ. ಹಂಪಿಯಲ್ಲಿ ಹೊಳೆಯ ನಡುವೆ ಆನೆ ಮಲಗಿದಂತಿರುವ ಒಂದು ಬಂಡೆಯನ್ನು ಮೇಡಂ ನೋಡಿಟ್ಟಿದ್ದರು. ಅದರ ಮೇಲೆ ಒಬ್ಬರೇ ಕುಳಿತು ನೀರಿನ ಸದ್ದು ಹಿಡಿಯಬೇಕು, ಆಮೇಲೆ ಕ್ಯಾಮೆರಾ ತಮ್ಮ ಕಡೆಗೇ ತಿರುಗಿಸಿಕೊಂಡು ಅದೇ ಪ್ರಶ್ನೆ ಕೇಳಿಕೊಳ್ಳಬೇಕು. ಆದರೆ ಮೇಲೆ ಮಳೆ ಜೋರಾಗಿ ಡ್ಯಾಮು ತುಂಬುತ್ತಾ ಬಂದಿತ್ತು. ಹರಿಗೋಲು ನಿಲ್ಲಿಸಿದ್ದಾರೆ ಎಂದು ಮೈಕಿನ ಆಟೋ ಒಂದು ಸುತ್ತು ಕೂಗಿ ಹೋಗಿತ್ತು.

“ನಿಲ್ಲಿಸಿದವರು ಯಾರು? ಆದೇಶ ಎಲ್ಲಿ ಹಚ್ಚಿದ್ದಾರೆ?” ಎಂದರು ಮೇಡಂ.

ನಾನು ಹುಡುಕಿದೆ. ಪಂಚಾಯ್ತಿಯಲ್ಲಿ ಪೊಲೀಸರು ಎಂದರು. ಪೊಲೀಸರು ತಾಲೂಕಿನಿಂದ ಬಂದದ್ದು ಎಂದರು. ಬೋರ್ಡು ಇರಲಿಲ್ಲ, ಅದು ಬಾಯಿಮಾತಿನ ಆರ್ಡರು. ನನ್ನಂಥವನಿಗೆ ಬಾಯಿಮಾತೇ ಸಾಕು. ಇಲ್ಲದ ಆರ್ಡರನ್ನೂ ಪಾಲಿಸಿಕೊಂಡು ಬಂದವನು ನಾನು. ಮೇಡಂ ಯೋಚಿಸಿದರು. “ನನಗೆ ಕಾಗದ ಬೇಡ. ಅಪಾಯ ಇದೆಯೋ ಇಲ್ಲವೋ, ತಿಳಿದವರನ್ನು ಕೇಳಿ ಹೇಳಿ. ಇದೆ ಅಂದರೆ ನಾನು ಇಳಿಯುವುದಿಲ್ಲ.” ಇದಕ್ಕಿಂತ ನ್ಯಾಯವಾದ ಮಾತು ಇರಲಾರದು. ಭಾರವೆಲ್ಲ ನನ್ನ ತಲೆಯ ಮೇಲೆ ಬಂತು.

ಟಿ.ಬಿ. ಡ್ಯಾಮಿನ ಕ್ವಾರ್ಟರ್ಸಿನಲ್ಲಿ ನನ್ನ ಪರಿಚಯದವರೊಬ್ಬರಿದ್ದಾರೆ. ಗೇಟಿನ ಕಡೆಯ ಸುದ್ದಿ ಅವರ ಕಿವಿಗೆ ಮೊದಲು ಬೀಳುತ್ತದೆ. ಫೋನ್ ಹಚ್ಚಿದೆ. ಅವರು ಸಂತೆಯಲ್ಲೋ ಬಸ್ಸಿನಲ್ಲೋ ಇದ್ದಂತಿತ್ತು, ಸುತ್ತ ಗದ್ದಲ.

“ಸರ್, ನಾಳೆ ಬೆಳಿಗ್ಗೆ ಹೊಳಿಗೆ ಇಳಿಯೋ ವಿಚಾರ ಐತ್ರಿ. ನೀರಿನ ಸುದ್ದಿ ಏನರ ಐತೇನ್ರಿ? ನನಗ ಯಾಕೋ ಭಾಳ ಅಂಜಿಕಿ ಆಗಾಕತ್ತೈತಿ.”

“ಅಯ್ಯ, ಬಿಡ್ರಿ ಸಾರ್,” ಎಂದರು ಅವರು. ಫೋನ್ ಕಟ್ ಆಯಿತು.

ನನ್ನ ಆಯುಷ್ಯದಲ್ಲಿ ಜನ ನನಗೆ ಅತಿ ಹೆಚ್ಚು ಹೇಳಿರುವ ಮಾತು ಇದು. ಗ್ಯಾಸ್ ಬಂದ್ ಮಾಡಿದೆಯಾ ಅಂದರೆ ಹೆಂಡತಿ ಬಿಡ್ರಿ ಅನ್ನುತ್ತಾಳೆ. ಬಸ್ಸಿನ ಟೈರು ಯಾಕೋ ವಾಲಿದಂತಿದೆ ಅಂದರೆ ಕಂಡಕ್ಟರ್ ಬಿಡ್ರಿ ಅನ್ನುತ್ತಾನೆ. ಎದೆಯಲ್ಲಿ ಚುಚ್ಚುತ್ತದೆ ಅಂದರೆ ಡಾಕ್ಟರೂ ಬಿಡ್ರಿ ಅಂದಿದ್ದಾರೆ. ಚಿಂತೆ ಬಿಡ್ರಿ ಎಂದು ಅರ್ಥ. ಬೇರೆ ಏನಿರುತ್ತದೆ? ಮೇಡಂಗೆ ಹೇಳಿದೆ: “ತೊಂದರೆ ಇಲ್ಲವಂತೆ.” ಆ ರಾತ್ರಿ ನಾನು ಚೆನ್ನಾಗಿ ನಿದ್ದೆ ಮಾಡಿದೆ. ಬಹಳ ವರ್ಷಗಳಲ್ಲಿ ಮೊದಲ ಸಲ ಒಂದು ಚಿಂತೆಯನ್ನು ಹೇಳಿದ ಹಾಗೆ ಬಿಟ್ಟಿದ್ದೆ.

ಬೆಳಿಗ್ಗೆ ದಂಡೆಗೆ ಹೋದಾಗ ನಾನು ಗೊತ್ತು ಮಾಡಿದ್ದ ಅಂಬಿಗ ಹರಿಗೋಲನ್ನು ಪೊದೆಯ ಹಿಂದಿನಿಂದ ಹೊರಳಿಸಿಕೊಂಡು ಬಂದ. ಬಿದಿರಿನ ದೊಡ್ಡ ಬುಟ್ಟಿ, ಕೆಳಗೆ ಡಾಂಬರು ಬಳಿದ ತಾಡಪತ್ರಿ, ಒಂದೇ ಹುಟ್ಟು. ನಾನು ಸುತ್ತ ನೋಡಿ ಕೇಳಿದೆ. “ಬ್ಯಾನ್ ಐತಂತಲ್ಲಪಾ?”

“ಬ್ಯಾನು ಅಂದ್ರ ಪೊಲೀಸ್ರು ಇದ್ದಾಗ ಸಾರ್. ಅವ್ರು ನಾಷ್ಟಾ ಮಾಡ್ಕೊಂಡು ಬರ್ತಾರ. ಅಷ್ಟೊತ್ತಿಗೆ ನಮ್ಮ ಕೆಲ್ಸ ಮುಗೀತತಿ.”

“ಪೊಲೀಸ್ರು ಬಂದ್ರ?”

“ಬಂದ್ರ ನೋಡ್ಕೋತೀನಿ. ಹೋದ ವರ್ಷ ನನ್ನ ಹರಿಗೋಲು ಒಯ್ದು ತಾಡಪತ್ರಿ ಹರಿದು ಕೊಟ್ರು. ಈ ಸಲ ಕೈಗೆ ಸಿಗಂಗಿಲ್ಲ ಬಿಡ್ರಿ.”

ಕ್ಯಾಮೆರಾದವನು ನಮ್ಮ ಮಾತಿನಲ್ಲಿ ‘ಬ್ಯಾನ್’ ಎಂಬ ಒಂದು ಶಬ್ದ ಹಿಡಿದುಕೊಂಡು ನಿಂತುಬಿಟ್ಟ. ನಿಲ್ಲಿಸಿದ್ದಾರೆ ಅಂದರೆ ತಾನು ಹತ್ತುವುದಿಲ್ಲ ಎಂದ. ಮೇಡಂ ಅಪಾಯವಿಲ್ಲ ಎಂದು ನನ್ನನ್ನು ತೋರಿಸಿದರು. ಅವನು ಅಪಾಯದ ಮಾತು ತಾನು ಆಡಿಯೇ ಇಲ್ಲ ಎಂದ. ಕೊನೆಗೆ ಮೇಡಂ ಸಣ್ಣ ಕ್ಯಾಮೆರಾ ಹಿಡಿದು ಒಬ್ಬರೇ ಹತ್ತಿದರು. ನಾನು ಈಜು ಬರುವುದಿಲ್ಲ ಎಂದು ದಂಡೆಯಲ್ಲೇ ಉಳಿದೆ. ಬರುತ್ತಿದ್ದರೂ ಹತ್ತುತ್ತಿರಲಿಲ್ಲ.

ಹರಿಗೋಲು ಎರಡು ಸುತ್ತು ತಿರುಗಿ ಬಂಡೆ ಮುಟ್ಟಿತು. ಮೇಡಂ ಹತ್ತಿ ಕುಳಿತರು. ಎಲ್ಲ ಚೆಂದವಾಗಿತ್ತು. ಎಲ್ಲ ಚೆಂದವಾಗಿರುವಾಗ ನನಗೆ ಕೈಕಾಲು ಆಡುವುದಿಲ್ಲವಾದ್ದರಿಂದ ಎಡಗಾಲಿನ ಚಪ್ಪಲಿ ಬಿಚ್ಚಿ ನೀರಿಗೆ ಹತ್ತಿರದ ಒಣ ಮೆಟ್ಟಿಲ ಮೇಲೆ ಇಟ್ಟೆ. ನೀರು ಏರಿದರೆ ತಿಳಿಯಲಿ ಎಂದು. ಕ್ಯಾಮೆರಾದವನು ನನ್ನ ಬರಿಗಾಲು ನೋಡಿದ. ಗುಡಿ ಹತ್ತಿರ ಇದೆ, ಅದಕ್ಕೆ ಎಂದೆ.

ಸ್ವಲ್ಪ ಹೊತ್ತಿಗೆ ನೋಡುತ್ತೇನೆ, ಚಪ್ಪಲಿಯ ಅಂಚು ಒದ್ದೆಯಾಗಿತ್ತು. ಅಲೆ ಬಡಿದಿರಬೇಕು ಅಂದುಕೊಂಡೆ. ಬಿಡ್ರಿ ಎಂದು ನನಗೆ ನಾನೇ ಹೇಳಿಕೊಂಡೆ. ಆಮೇಲೆ ನೀರಿನ ಬಣ್ಣ ಬದಲಾಯಿತು. ಹಸಿರು ಹೋಗಿ ಚಹಾದಂತೆ ಆಗುತ್ತಾ ಬಂತು. ಕಸ, ಕಟ್ಟಿಗೆ, ಒಂದು ಪ್ಲಾಸ್ಟಿಕ್ ಕೊಡ ತೇಲಿ ಬಂದವು. ಕೊಡ ಬಹಳ ಅವಸರದಲ್ಲಿತ್ತು. ಅದರ ಹಿಂದೆಯೇ ನನ್ನ ಚಪ್ಪಲಿ ಮೆಟ್ಟಿಲು ಬಿಟ್ಟು ಹೊರಟಿತು. ಅದನ್ನು ಹಿಡಿಯಲು ಬಗ್ಗಿದವನು ಬಗ್ಗಿದಂತೆಯೇ ಉಳಿದೆ. ಊರ ಕಡೆಯಿಂದ ಮೈಕಿನ ದನಿ ಬರುತ್ತಿತ್ತು: ನದಿ ಪಾತ್ರದಲ್ಲಿರುವ ಸಾರ್ವಜನಿಕರು ಕೂಡಲೇ ಸುರಕ್ಷಿತ ಸ್ಥಳಕ್ಕೆ...

ಅದೇ ಹೊತ್ತಿಗೆ ಬೈಕು ಬಂದು ನಿಂತಿತು. ದಫೇದಾರರು, ಅಂದರೆ ಠಾಣೆಯ ಹೆಡ್ ಕಾನ್‌ಸ್ಟೇಬಲ್ಲು, ಇಳಿದವರೇ ಹೊಳೆಯ ಕಡೆ ನೋಡಿ ಸೀಟಿ ಊದಿದರು.

“ಯಾರ್ರಿ ಅದು ಬಂಡೆ ಮ್ಯಾಲ? ಯಾರ್ ಕಳ್ಸಿದ್ದು?”

“ನಾನೇ ಸರ್. ಡ್ಯಾಮಿನ ಕಡೆ ಕೇಳ್ದೆ ಸರ್. ಬಿಡ್ರಿ ಅಂದ್ರು ಸರ್.”

“ಏನ್ ಬಿಡ್ರಿ ಅಂದ್ರು? ಮುಂಜಾನೆ ಗೇಟ್ ಎತ್ಯಾರ, ನೀರ್ ಬಿಟ್ಟಾರ! ಇದು ಬರೇ ಮೂತಿ. ಹಿಂದ ಇನ್ನೂ ಬರಾಕತ್ತೈತಿ.”

ಆ ಕ್ಷಣಕ್ಕೆ ನನ್ನ ಕಿವಿಯಲ್ಲಿ ಹಿಂದಿನ ದಿನದ ಆ ಒಂದು ಮಾತು ತಿರುಗಿ ಬಿತ್ತು, ಈ ಸಲ ಬೇರೆ ಅರ್ಥದಲ್ಲಿ. ಹೊಳಿಗೆ ಇಳಿಯೋ ವಿಚಾರ ಐತ್ರಿ. ಬಿಡ್ರಿ ಸಾರ್. ಅವರು ನನ್ನ ಅಂಜಿಕೆಗೆ ಉತ್ತರ ಕೊಟ್ಟಿರಲಿಲ್ಲ, ವಿಚಾರಕ್ಕೆ ಕೊಟ್ಟಿದ್ದರು.

ದಫೇದಾರರು ಮತ್ತೆ ಸೀಟಿ ಊದಿ, ಲಾಠಿ ಎತ್ತಿ, ಬಾ ಬಾ ಎಂದು ಬೀಸಿದರು. ಹೊಳೆಯ ನಡುವಿನಿಂದ ಅದು ಹೇಗೆ ಕಂಡಿರಬೇಕು ಎಂದು ಈಗ ಯೋಚಿಸುತ್ತೇನೆ: ಖಾಕಿ, ಲಾಠಿ, ಸೀಟಿ. ಅಂಬಿಗ ಒಮ್ಮೆ ನಮ್ಮ ಕಡೆ ನೋಡಿದ. ಹರಿಗೋಲನ್ನು ಸರಕ್ಕನೆ ತಿರುಗಿಸಿದ. ಬಂಡೆಯ ಹಿಂದೆ ಹೋಗಿ ಮರೆಯಾದ. ಮೇಡಂ ಏನೋ ಕೇಳಿದಂತೆ ಬಗ್ಗಿದರು. ಅವನ ಕೈ ಮಾತ್ರ ಮೇಲೆ ಬಂದು ಅವರ ಬಟ್ಟೆಯ ತುದಿ ಎಳೆಯಿತು, ಕೆಳಗೆ ಕುಂದ್ರಿ ಎಂಬಂತೆ. ಅವರೂ ಬಂಡೆಯ ಆ ಬದಿಗೆ ಜಾರಿ ಕುಳಿತುಬಿಟ್ಟರು. ದಂಡೆಯಿಂದ ನೋಡಿದರೆ ಬಂಡೆಯ ಮೇಲೆ ಯಾರೂ ಇಲ್ಲ.

“ಅಡಗಿದ ನೋಡ್ರಿ ಮಗ!” ದಫೇದಾರರು ಇನ್ನೂ ಜೋರಾಗಿ ಊದಿದರು.

ಬಂಡೆಯ ಹಿಂದೆ, ಹೊಳೆ ಇಳಿದುಹೋಗುವ ಬದಿಯಲ್ಲಿ, ನೀರು ಶಾಂತವಾಗಿರುತ್ತದೆ. ಸೆಳವೆಲ್ಲ ಮುಂದಿನ ಮೈಗೆ ಬಡಿದು ಎರಡೂ ಬದಿಗೆ ಹರಿದುಹೋಗುತ್ತದೆ. ಅಲ್ಲಿ ಕುಳಿತವನಿಗೆ ಮೇಲಿನಿಂದ ಬರುವುದು ಕಾಣುವುದಿಲ್ಲ. ಅವನು ನೀರು ನೋಡುತ್ತಿರಲಿಲ್ಲ, ಪೊಲೀಸರು ಯಾವಾಗ ಹೋಗುತ್ತಾರೆ ಎಂದು ಕಾಯುತ್ತಿದ್ದ. ಸೀಟಿ ನಿಲ್ಲದೆ ಅವನು ಹೊರಬರುವುದಿಲ್ಲ. ಅವನು ಹೊರಬರದೆ ಸೀಟಿ ನಿಲ್ಲುವುದಿಲ್ಲ. ಬಂಡೆ ಆಗಲೇ ಸಣ್ಣದಾಗಿತ್ತು. ಆನೆಯ ಬೆನ್ನು ಮಾತ್ರ ಮೇಲಿತ್ತು.

ಫೋನ್ ಹಚ್ಚಿದೆ. ಅಂಬಿಗನಿಗೆ ಹಚ್ಚಿದ್ದು ಅವಸರದಲ್ಲಿ ಮೊದಲು ಹೆಂಡತಿಗೆ ಹೋಯಿತು. ಕಟ್ ಮಾಡಿ ಮತ್ತೆ ಹಚ್ಚಿದೆ. ಅಂಬಿಗ ಪಿಸುಗುಟ್ಟಿದ. “ಹೋದ್ರೇನ್ರಿ?”

“ನೀರ್ ಬಿಟ್ಟಾರ ಲೇ! ಜಲ್ದಿ ಬಾ!”

“ಹಂಗಂತ ದಫೇದಾರ್ರು ಹೇಳಾಕ ಹಚ್ಯಾರೇನ್ರಿ? ವರ್ಷಾ ಹಿಂಗ ಹೆದರಸ್ತಾರ. ಇಲ್ಲಿ ನೀರು ತಣ್ಣಗ ಐತಿ. ಅವ್ರು ಹೋದ ಮ್ಯಾಲ ಮಿಸ್ ಕಾಲ್ ಕೊಡ್ರಿ.” ಇಟ್ಟುಬಿಟ್ಟ.

ಇಷ್ಟು ವರ್ಷ ನಾನು ಖಾಕಿಗೆ ಹೇಳಿದ ಮಾತು ಎರಡೇ: ಹೂಂ ಸರ್, ಆಯ್ತು ಸರ್. ಹೋಮ್‌ಗಾರ್ಡಿಗೂ ನಮಸ್ಕಾರ ಮಾಡುವವನು. ಈಗ ಹೇಳಬೇಕಾಗಿದ್ದ ಮಾತು ಅದಲ್ಲ. ಅದನ್ನು ಹೇಳಿದರೆ ಮುಂದೆ ಈ ಹಂಪಿಯಲ್ಲಿ ನನಗೆ ಟ್ರೈಪಾಡಿನ ಒಂದು ಕಾಲಿಗೂ ಪರವಾನಿಗೆ ಸಿಗಲಿಕ್ಕಿಲ್ಲ ಎಂದು ಅನಿಸಿತು. ಹೇಳದಿದ್ದರೆ ಏನಾಗುತ್ತದೆ ಎಂಬುದು ಎದುರಿಗೇ ಕಾಣುತ್ತಿತ್ತು. ನನ್ನ ದನಿ ನನಗೇ ಗುರುತು ಸಿಗದಷ್ಟು ಕೀರಲಾಗಿ ಹೊರಬಂತು.

“ಸರ್, ನೀವು ಇಲ್ಲಿಂದ ಹೋಗ್ರಿ.”

“ಏನಂದ್ರಿ?”

“ಹೋಗಬ್ಯಾಡ್ರಿ ಸರ್. ಕಾಣದಂಗ ನಿಂದರ್ರಿ. ನೀವು ಕಂಡ್ರ ಅವ ಬರಂಗಿಲ್ಲ. ಅವ್ನಿಗೆ ನೀರಿಗಿಂತ ನಿಮ್ಮ ಅಂಜಿಕಿ ಭಾಳ ಐತ್ರಿ.”

“ಬ್ಯಾನ್ ಮುರದಾವ ಅವ. ಅಡಗೋದು ನಾನಾ? ಊರಾಗ ಗೊತ್ತಾದ್ರ ಏನಂದಾರು?”

ಚಪ್ಪಲಿ ಇಟ್ಟಿದ್ದ ಮೆಟ್ಟಿಲು ಎಲ್ಲಿತ್ತೋ ಅಲ್ಲಿ ಕೈ ತೋರಿಸಿದೆ. ಮೆಟ್ಟಿಲು ಇರಲಿಲ್ಲ. ದಫೇದಾರರು ನೀರನ್ನು, ಬಂಡೆಯನ್ನು, ನನ್ನನ್ನು ನೋಡಿದರು. ಸೀಟಿಯನ್ನು ಜೇಬಿಗೆ ಹಾಕಿ, ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು, ದಂಡೆಯ ಹಳೇ ಮಂಟಪದ ಕಂಬದ ಹಿಂದೆ ಹೋಗಿ ನಿಂತರು. ಹೇಳಬಾರದು ಅಂದುಕೊಂಡೆ. ಬಾಯಿ ಕೇಳಲಿಲ್ಲ.

“ಸರ್, ಹೊಟ್ಟಿ ಕಾಣಾಕತ್ತೈತಿ.”

ಹೊಟ್ಟೆ ಒಳಗೆ ಹೋಯಿತು. ಬೈಕು ಇನ್ನೂ ನಿಂತಿತ್ತು, ಮುಂದೆ ಕೆಂಪಕ್ಷರದಲ್ಲಿ ಪೊಲೀಸ್ ಎಂದು ಬರೆದದ್ದು. ಕ್ಯಾಮೆರಾದವನಿಗೆ ಸನ್ನೆ ಮಾಡಿದೆ. ಪೊಲೀಸ್ ವಾಹನ ಮುಟ್ಟಲು ಅನುಮತಿ ಇದೆಯಾ ಎಂದು ಅವನು ಕೇಳಿದ. ಇದೆ ಎಂದು ನಾನೇ ಕೊಟ್ಟೆ. ಜೀವಮಾನದಲ್ಲಿ ನಾನು ಕೊಟ್ಟ ಮೊದಲ ಪರವಾನಿಗೆ ಅದು. ಅವನು ಬೈಕನ್ನು ತಳ್ಳಿಕೊಂಡು ಮಂಟಪದ ಹಿಂದೆ ಹೋದ.

ಮತ್ತೆ ಫೋನ್. “ಹೋದ್ರು, ಬಾ.”

“ಖರೇನ?”

“ಖರೇ.”

“ವಿರೂಪಾಕ್ಷನ ಆಣಿ ಮಾಡ್ರಿ.”

ಹಂಪಿಯಲ್ಲಿ ನಿಂತು, ಗೋಪುರ ಕಾಣುತ್ತಿರುವಾಗ, ಸುಳ್ಳಿಗೆ ಆಣೆ. ಕಣ್ಣು ಮುಚ್ಚಿ ಮಾಡಿದೆ.

“ಹರಿಗೋಲು ಒಯ್ಯಂಗಿಲ್ಲಲ್ಲ ಮತ್ತ?”

ಫೋನಿನ ದನಿ ಅಲ್ಲಿಗೂ ಕೇಳಿಸಿತ್ತೇನೋ, ಕಂಬದ ಹಿಂದಿನಿಂದ ಪಿಸುದನಿ ಬಂತು. “ಬಿಡ್ತೀನಿ ಅನ್ರಿ.”

“ಬಿಡ್ತಾರಂತ,” ಎಂದೆ ನಾನು.

“ಯಾರು? ಹೋದ್ರು ಅಂದ್ರೆಲ್ಲ?”

“ನಾಳೆ ಕೇಳಿದ್ರ ಬಿಡ್ತಾರಂತ ಅಂದ್ನೆಪಾ! ಬಾರೋ ನನ್ನ ತಂದಿ, ಕಾಲು ಬೀಳ್ತೀನಿ!”

ನಾನು ಅಳುತ್ತಿದ್ದೆ ಎಂದು ಆಮೇಲೆ ಅಂಬಿಗನೇ ಹೇಳಿದ. ಆಣೆಗಿಂತ ಅದಕ್ಕೇ ನಂಬಿದನಂತೆ. ಬಂಡೆಯ ಬದಿಯಿಂದ ಹರಿಗೋಲಿನ ಅಂಚು ಕಾಣಿಸಿತು. ಮೇಡಂ ಒಳಗಿದ್ದರು. ಶಾಂತ ನೀರು ದಾಟಿ ಮೂತಿ ಹೊರಗಿಟ್ಟಿದ್ದೇ ತಡ, ಸೆಳವು ಅದನ್ನು ಕಸಿದುಕೊಂಡಿತು. ಹರಿಗೋಲು ಬೀಸುಕಲ್ಲಿನಂತೆ ತಿರುಗಿತು. ಒಮ್ಮೆ ಮೇಡಂ ಮುಖ, ಒಮ್ಮೆ ಅಂಬಿಗನ ಮುಖ, ಮತ್ತೆ ಮೇಡಂ ಮುಖ. ಅಂಬಿಗನ ಬಾಯಿ ತೆರೆದೇ ಇತ್ತು. ಆಗ ಅವನು ನೀರು ನೋಡಿದ್ದ.

ಅವನು ದಂಡೆಗೆ ನೇರ ಬರಲು ಹೋಗಲಿಲ್ಲ. ಸೆಳವಿನ ಜೊತೆಯೇ ಇಳಿಯುತ್ತಾ ಒಂದೇ ಬದಿಗೆ ಹುಟ್ಟು ಹಾಕುತ್ತಾ ಬಂದ. ನಾವು ದಂಡೆಗುಂಟ ಓಡಿದೆವು, ನಾನು ಒಂದೇ ಚಪ್ಪಲಿಯಲ್ಲಿ. ಕೆಳಗೆ ಜಾಲಿಗಿಡಗಳು ನೀರಿಗೆ ಬಾಗಿದ್ದಲ್ಲಿ ಹರಿಗೋಲು ಹತ್ತಿರ ಬಂತು, ಮತ್ತೆ ದೂರ ಸರಿಯಿತು. ನನ್ನನ್ನು ದಾಟಿ ಯಾರೋ ಸೊಂಟದವರೆಗೆ ನೀರಿಗೆ ಇಳಿದರು. ಅಂಬಿಗ ಹುಟ್ಟು ಚಾಚಿದ, ಅವರು ತುದಿ ಹಿಡಿದು ಎಳೆದರು. ಹಿಂದಿನಿಂದ ಅವರ ಸೊಂಟ ಹಿಡಿದು ಕ್ಯಾಮೆರಾದವನು ಎಳೆದ, ಅವನ ಅಂಗಿ ಹಿಡಿದು ನಾನು. ಮುಳ್ಳಿನ ನಡುವೆ ಹರಿಗೋಲು ಸಿಕ್ಕಿ ನಿಂತಿತು.

ದಂಡೆ ಹತ್ತಿದ ಮೇಲೆ ಅಂಬಿಗ ಕೈಮುಗಿಯಲು ಹೋದವನು, ತನ್ನನ್ನು ಎಳೆದವರು ಉಟ್ಟಿದ್ದು ಖಾಕಿ ಎಂದು ಆಗ ನೋಡಿದ. ನನ್ನ ಕಡೆ ತಿರುಗಿದ. “ವಿರೂಪಾಕ್ಷನ ಆಣಿ ಮಾಡಿದ್ರೆಲ್ರಿ ಸಾರ್.” ಬೈದಿದ್ದರೆ ಚೆನ್ನಾಗಿತ್ತು.

“ಹರಿಗೋಲು ಬಿಡ್ತೀನಿ ಅಂದಿದ್ದೆ, ಬಿಟ್ಟೀನಿ ತಗೋ,” ಎಂದರು ದಫೇದಾರರು, ಪ್ಯಾಂಟು ಹಿಂಡಿಕೊಳ್ಳುತ್ತಾ. ಹುಟ್ಟು ಅವರ ಕೈಯಲ್ಲೇ ಇತ್ತು. “ಹುಟ್ಟಿನ ಮಾತು ಬಂದಿರ್ಲಿಲ್ಲ. ನೀರು ಇಳಿದ ಮ್ಯಾಲ ಠಾಣೆಗೆ ಬಾ.”

“ಹುಟ್ಟಿಲ್ಲದ ಹರಿಗೋಲು ಅಂದ್ರ ಬುಟ್ಟಿರಿ ಅದು!”

“ಬುಟ್ಯಾಗ ಕುಂತು ಊಟ ಮಾಡು. ಜೀವ ಐತೆಲ್ಲ?”

ಮೇಡಂ ಟವೆಲ್ ಹೊದ್ದು ನಡುಗುತ್ತಿದ್ದರು. ಬಂಡೆಯ ಮೇಲೆ ಅಂಬಿಗ ತಮಗೆ ಒಂದೇ ಶಬ್ದ ಹೇಳಿದ ಎಂದರು: ಪೊಲೀಸ್. “ಅದನ್ನು ಕೇಳಿ ನನಗೆ ಸಮಾಧಾನವಾಯಿತು. ಸಹಾಯ ಬಂತು, ಇನ್ನು ಅವರು ಹೇಳಿದ ಹಾಗೆ ಕೂತಿರಬೇಕು ಅಂದುಕೊಂಡೆ.” ಒಂದೇ ಬಂಡೆಯ ಮೇಲೆ ಒಂದೇ ಶಬ್ದ ಕೇಳಿ ಒಬ್ಬ ಅಡಗಿದ್ದ, ಒಬ್ಬರು ನೆಮ್ಮದಿಯಾಗಿದ್ದರು, ಇಬ್ಬರೂ ಅದಕ್ಕೇ ಮುಳುಗುತ್ತಿದ್ದರು. ಅವರು ದೇಶ ದೇಶ ಸುತ್ತಿ ಕೇಳಿದ ಪ್ರಶ್ನೆಗೆ ನನಗೆ ತಿಳಿದಂತೆ ಉತ್ತರ ಇಷ್ಟೇ. ಇದನ್ನು ನಾನು ಅವರಿಗೆ ಹೇಳಲಿಲ್ಲ. ಹಲ್ಲು ಕಟಕಟ ಅನ್ನುತ್ತಿದ್ದುದರಿಂದ ಇಂಗ್ಲಿಷ್ ಬರಲಿಲ್ಲ.

ಆಮೇಲೆ ಅವರು ಇನ್ನೊಂದು ಮಾತು ಹೇಳಿದರು. ಅದನ್ನು ದಾಟಿಸಲು ನನಗೆ ಮನಸ್ಸಿರಲಿಲ್ಲ, ಆದರೂ ಇದ್ದ ಹಾಗೆಯೇ ದಾಟಿಸಿದೆ. “ಸರ್, ತಪ್ಪು ಮೇಡಂ ಅವ್ರದೂ ಐತಂತ. ಅವನ ಹುಟ್ಟು ಒಯ್ಯೋದಾದ್ರ ಅವ್ರ ಕ್ಯಾಮೆರಾನೂ ಒಯ್ಯಬೇಕಂತ.”

ದಫೇದಾರರು ಗಾಬರಿಯಾಗಿ ಹಿಂದೆ ಸರಿದರು. “ಅವ್ರು ನಮ್ಮೂರಿಗೆ ಬಂದವ್ರು. ಬಿಸಿ ಚಾ ಕುಡಿಸಿ ಕರ್ಕೊಂಡು ಹೋಗ್ರಿ.”

“ಅವನಿಗೊಂದು ನನಗೊಂದು ಯಾಕೆ?” ಎಂದರು ಮೇಡಂ. ಎಲ್ಲರೂ ಹೊಳೆ ನೋಡಿದೆವು. ಬಂಡೆ ಇದ್ದಲ್ಲಿ ನೀರು ಸ್ವಲ್ಪ ಉಬ್ಬಿ ಇಳಿಯುತ್ತಿತ್ತು, ಅಷ್ಟೇ ಗುರುತು.

ಸಂಜೆ ಡ್ಯಾಮಿನ ಪರಿಚಯದವರೇ ಫೋನ್ ಮಾಡಿದರು. “ಇಳೀಲಿಲ್ಲಲ್ರಿ ಸಾರ್? ಬಿಡ್ರಿ ಅಂತ ಹೇಳಿದ್ದು ಚಲೋ ಆತು ನೋಡ್ರಿ.” ಹೂಂ ಎಂದೆ.

ಮೇಡಂ ಮತ್ತು ಕ್ಯಾಮೆರಾದವನು ಹೊಸಪೇಟೆಯಲ್ಲಿ ರೈಲು ಹತ್ತಿದರು. ಹೊಳೆ ಇಳಿಯಿತು. ಅಂಬಿಗ ಒಂದು ದಿನ ಮನೆಗೆ ಬಂದು ಒಳಗೆ ಬರಲೊಲ್ಲದೆ ಹೊಸ್ತಿಲಲ್ಲೇ ನಿಂತ. “ಆಣಿ ನೀವು ಮಾಡಿದ್ರಿ. ಹುಟ್ಟೂ ನೀವೇ ತರ್ರಿ ಸಾರ್.” ಹೆಂಡತಿ ನನ್ನ ಮುಖ ನೋಡಿದಳು. ಎಷ್ಟೋ ಕಚೇರಿ ಹತ್ತಿ ಇಳಿದಿದ್ದೇನೆ, ಠಾಣೆಗೆ ಮಾತ್ರ ಯಾವತ್ತೂ ಬೇರೆಯವರನ್ನು ಮುಂದೆ ಬಿಟ್ಟವನು ನಾನು.

ದಾರಿಯುದ್ದಕ್ಕೂ ಹೇಳುವುದನ್ನು ಬಾಯಿಪಾಠ ಮಾಡಿದೆ. ಠಾಣೆಯ ಮೂಲೆಯಲ್ಲಿ ಹುಟ್ಟುಗಳು ಗೋಡೆಗೆ ಒರಗಿ ನಿಂತಿದ್ದವು, ಒಂದಲ್ಲ, ಅನೇಕ. ನಮ್ಮದನ್ನು ಗುರುತು ಹಿಡಿದು ಕೈಗೆ ತೆಗೆದುಕೊಂಡೆ. ದಫೇದಾರರು ಒಳಗಿನಿಂದ ಬಂದರು. ಹೊಟ್ಟೆ, ಟೋಪಿ ಎಲ್ಲ ಜಾಗದಲ್ಲಿದ್ದವು. ಕಲಿತದ್ದೆಲ್ಲ ಮರೆತು ನಾನು ಒಂದೇ ಸಮನೆ ಹೇಳತೊಡಗಿದೆ: ಸರ್, ಅವತ್ತು ಹೋಗ್ರಿ ಅಂದದ್ದು ತಪ್ಪಾಯ್ತು, ಹೊಟ್ಟೆ ಅಂದದ್ದೂ ತಪ್ಪಾಯ್ತು, ಕಂಬದ ಹಿಂದಿನ ಸುದ್ದಿ ನಾನು ಯಾರಿಗೂ ಹೇಳಿಲ್ಲ ಸರ್, ಹೆಂಡತಿಗೆ ಮಾತ್ರ, ಅವ ಬಡವ ಸರ್, ಈ ಹುಟ್ಟು...

“ಬಿಡ್ರಿ,” ಎಂದರು ದಫೇದಾರರು.

ಎರಡೂ ಕೈಯಲ್ಲಿ ಹುಟ್ಟು ಹಿಡಿದು ನಿಂತಿದ್ದೆ. ಚಿಂತೆ ಬಿಡಬೇಕೋ, ಆ ಸುದ್ದಿ ಬಿಡಬೇಕೋ, ಹುಟ್ಟು ಬಿಡಬೇಕೋ. ಆ ಮಾತು ಕೇಳಿ ಇನ್ನೊಮ್ಮೆ ಸುಮ್ಮನೆ ಮನೆಗೆ ಹೋಗುವ ಧೈರ್ಯ ನನಗಿರಲಿಲ್ಲ.

“ಏನನ್ನ ಸರ್?” ಎಂದು ಕೇಳಿದೆ.

ಅವರು ಕಾಲಿನಿಂದ ಒಂದು ಕುರ್ಚಿ ಎಳೆದರು.

“ಕುಂದ್ರಿ,” ಎಂದರು.

ಆ ಮಾತಿಗೆ ಎರಡು ಅರ್ಥ ಇರಲಿಲ್ಲ. ಅದಕ್ಕೇ ಭಯವಾಯಿತು. ಹುಟ್ಟನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕುಳಿತೆ.